ಬುಧವಾರದ ಸಂತೆಯ ಅರಬಿ

ಮಾಜಿದಾಳ ಎರಡು ಕೈಗಳನ್ನೂ ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡವರು ಕೆಳಮನೆಯ ಅರಬಿ ಮುದುಕಿ ಝುವೈನಾ. ಹೊಡೆಯುತ್ತಿದ್ದವನು ಗಂಡ ಶಹೀದ್. ಅವನ ಕೈಯಲ್ಲಿ ಬಟ್ಟೆ ಅಳೆಯುವ ಮರದ ಮೀಟರ್ ಕೋಲಿತ್ತು. ಒಂದೊಂದು ಏಟಿಗೂ ಝುವೈನಾ ಅವಳ ಕಿವಿಯ ಹತ್ತಿರ ಬಾಯಿಟ್ಟು ಕುರ್‌ಆನಿನ ಸಾಲುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಏಳನೆಯದೋ ಎಂಟನೆಯದೋ ಏಟಿಗೆ ಕೋಲು ಎರಡು ತುಂಡಾಯಿತು. ಆಗ ಝುವೈನಾ ಕೈ ಬಿಟ್ಟು, ಅವಳ ತಲೆಯನ್ನು ಎದೆಗೊತ್ತಿಕೊಂಡು ಅತ್ತರು. ಹಣೆಗೆ ಮುತ್ತಿಟ್ಟು, ಬಾಟಲಿಯಲ್ಲಿ ತಂದಿದ್ದ ನೀರು ಕುಡಿಸಿ, ಮೆಟ್ಟಿಲಿಳಿದು ಹೋದರು.

ಹಿಡಿದು ಹೊಡೆಸಿದವರೇ ಮುತ್ತಿಟ್ಟು ಹೋಗುವುದೆಂದರೆ ಏನು ಎಂದು ಮಾಜಿದಾಳಿಗೆ ಅರ್ಥವಾಗಲಿಲ್ಲ. ಕೇಳೋಣವೆಂದರೆ ಅವಳಿಗೆ ಅರಬಿ ಬರುತ್ತಿರಲಿಲ್ಲ.

ಹೊಡೆತಕ್ಕೆ ಕಾರಣ ಅಂಜಲ್ ಮೀನಿನ ತಲೆ. ಅದನ್ನು ಸಾರಿಗೆ ಹಾಕಬೇಕಿತ್ತು, ಅವಳು ಹುರಿದಿದ್ದಳು. ಹಿಂದಿನ ವಾರ ಸಾರಿಗೆ ಹಾಕಿದ್ದಕ್ಕೆ ತಟ್ಟೆ ಹಾರಿತ್ತು. ಮೀನಿನ ತಲೆಗೆ ಶಹೀದನ ಮನೆಯಲ್ಲಿದ್ದ ಬೆಲೆ ಹೆಂಡತಿಯ ತಲೆಗೆ ಇರಲಿಲ್ಲ ಎನ್ನುವುದಷ್ಟೇ ನಿಜವಾದ ಕಾರಣ.

ಅರಬರ ನಾಡಿನ ಈ ಇಬ್ರಾ ಪೇಟೆಯಲ್ಲಿ ಅಂಗಡಿಗಳು ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಬಿಸಿಲಿಗೆ ಹೆದರಿ ಎಲ್ಲರೂ ಮನೆ ಸೇರುವ ಆ ಮೂರು ಗಂಟೆ ಊರಿಗೆಲ್ಲ ನಿದ್ದೆಯ ಹೊತ್ತು. ಶಹೀದನ ಮನೆಯಲ್ಲಿ ಅದು ಏಟಿನ ಹೊತ್ತು. ಅವನಿಗೆ ಸೂಕಿನಲ್ಲಿ, ಅಂದರೆ ಪೇಟೆಬೀದಿಯಲ್ಲಿ, ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಹದಿನೆಂಟು ವರ್ಷದ ಅನುಭವ, ನೀರು ಕುಡಿದಷ್ಟು ಸಲೀಸಾದ ಅರಬಿ, ಗಿರಾಕಿಗಳ ಎದುರು ಬೆಣ್ಣೆಯಂಥ ಮಾತು. ಮನೆಗೆ ಬಂದರೆ ಆ ಬೆಣ್ಣೆ ಎಲ್ಲಿ ಹೋಗುತ್ತಿತ್ತೋ. ಝುವೈನಾರ ಮಗನೇ ಅವನ ಕಫೀಲ್. ವೀಸಾ, ಲೈಸೆನ್ಸ್ ಎಲ್ಲ ಆತನ ಹೆಸರಿನ ಆಸರೆಯಲ್ಲಿ. ಮನೆಯೂ ಅವರದೇ.

ಶಹೀದನ ತಾಯಿ ಖದೀಜಮ್ಮ ಮಂಚದ ಮೇಲೆ ತಸ್ಬಿಯ ಮಣಿ ಎಣಿಸುತ್ತ ಎಲ್ಲವನ್ನೂ ನೋಡಿದ್ದರು. ಮಾಜಿದಾಳ ಮಗಳು ರಿಫಾ, ಒಂಬತ್ತನೇ ಕ್ಲಾಸಿನವಳು, ಅಡುಗೆಮನೆಯ ಬಾಗಿಲಲ್ಲಿ ಅನ್ನದ ಸೌಟು ಹಿಡಿದು ನಿಂತೇ ಇದ್ದಳು.

"ಬಾಯಿ ಮುಚ್ಚಿ ಕೂತಿದ್ದರೆ ಇಷ್ಟು ಆಗ್ತಿತ್ತಾ?" ಎಂದರು ಖದೀಜಮ್ಮ, ಎಲ್ಲ ಮುಗಿದ ಮೇಲೆ.

"ನಾನು ಬಾಯಿ ತೆರೆದದ್ದು ಏಟು ಬಿದ್ದ ಮೇಲೆ, ಮಾಮಿ."

"ಅದೇ ನಾನು ಹೇಳುದು. ಏಟು ಬಿದ್ದ ಮೇಲೂ ಮುಚ್ಚಬೇಕು. ನಿನ್ನ ಮಾವ ನನಗೆ ಬೆಲ್ಟಲ್ಲಿ ಹೊಡೀತಿದ್ದರು. ಪಕ್ಕದ ಮನೆಗೆ ಕೇಳಿದ್ದುಂಟಾ?"

ಆ ವಾರವೇ ಝುವೈನಾ ಮೇಲೆ ಬಂದು ಶಹೀದನ ಹತ್ತಿರ ಏನೋ ಮಾತಾಡಿದರು. ಮಾಜಿದಾ ಬಿಡುವಿನಲ್ಲಿ ಹೊಲಿದಿದ್ದ ಒಂದು ಕುಮ್ಮ, ಅಂದರೆ ಇಲ್ಲಿಯ ಗಂಡಸರು ಹಾಕುವ ಕಸೂತಿ ಟೋಪಿ, ಅವರ ಕೈಯಲ್ಲಿತ್ತು. ಊರಾದ ಫರಂಗಿಪೇಟೆಯಲ್ಲಿ ಎಂಟನೇ ವಯಸ್ಸಿನಿಂದಲೇ ಬೀಡಿ ಕಟ್ಟಿದ ಬೆರಳು ಅವಳದು. ಟೋಪಿಯ ಸಾಸಿವೆಯಷ್ಟು ಚಿಕ್ಕ ತೂತುಗಳ ಸುತ್ತ ಅವಳ ದಾರ ತಪ್ಪುತ್ತಿರಲಿಲ್ಲ.

"ನಾಳೆಯಿಂದ ಬೆಳಿಗ್ಗೆ ಕೆಳಗೆ ಹೋಗಿ ಮುದುಕಿಯ ಜೊತೆ ಟೋಪಿ ಹೊಲಿ. ಬುಧವಾರ ಹೆಂಗಸರ ಸಂತೆಗೆ ಕರ್ಕೊಂಡು ಹೋಗ್ತಾಳಂತೆ," ಎಂದ ಶಹೀದ್. ಕಫೀಲನ ತಾಯಿಗೆ ಇಲ್ಲ ಎನ್ನುವ ಗಂಡಸುತನ ಅವನಲ್ಲಿರಲಿಲ್ಲ. "ಅಲ್ಲಿ ಮಾತು ಗೀತು ಬೇಡ. ನಿನಗೆ ಬರುದೂ ಇಲ್ಲ ಬಿಡು."

ಬುಧವಾರದ ಸಂತೆಗೆ ಗಂಡಸರು ಕಾಲಿಡುವುದಿಲ್ಲ. ಮಾರುವವರೂ ಕೊಳ್ಳುವವರೂ ಹೆಂಗಸರೇ. ಕರೆತಂದ ಗಂಡಸರು ಗೇಟಿನ ಆಚೆ ಗಾಡಿಯೊಳಗೆ ಕೂತಿರಬೇಕು. ತಲೆಮಾರುಗಳ ಪದ್ಧತಿ, ಯಾರೂ ಬೋರ್ಡು ಹಾಕಬೇಕಾಗಿಲ್ಲ. ಮೊದಲ ದಿನ ಝುವೈನಾರ ಪಕ್ಕ ಚಾಪೆಯ ಮೇಲೆ ಕೂತಾಗ ಮಾಜಿದಾಳಿಗೆ ವರ್ಷಗಳ ನಂತರ ಬೆನ್ನು ಸಡಿಲಾಯಿತು. ಹಿಂದಿನಿಂದ ಯಾರೂ ಬರಲಾರರು ಎನ್ನುವುದು ಅವಳಿಗೆ ಹೊಸ ಸುಖ.

ಎರಡನೆಯ ಬುಧವಾರ ಅತ್ತರು ಮಾರುವ ಹೆಂಗಸೊಬ್ಬಳು ಅವಳನ್ನು ನೋಡಿ ಏನೋ ಕೇಳಿದಳು. ಝುವೈನಾ ದನಿ ತಗ್ಗಿಸಿ ಉತ್ತರ ಕೊಟ್ಟರು. ಅದರಲ್ಲಿ ಎರಡು ಶಬ್ದ ಮಾಜಿದಾಳ ಕಿವಿಗೆ ಬಿದ್ದವು: ಫೀಹಾ, ಜಿನ್ನ್. ಎರಡೂ ಮದರಸದಲ್ಲಿ ಬಾಯಿಪಾಠ ಮಾಡಿದ್ದ ಸೂರಾಗಳಲ್ಲಿದ್ದವು. ಮುಸ್ಲಿಯಾರರು ಬೆತ್ತ ಹಿಡಿದು ಅರ್ಥ ಹೇಳಿಕೊಟ್ಟಿದ್ದ ಕೆಲವೇ ಶಬ್ದಗಳಲ್ಲಿ ಅವೂ ಸೇರಿದ್ದವು. ಇವಳೊಳಗೆ ಜಿನ್ನ್ ಇದೆ. ಅವಳಿಗೆ ಜೀವನದಲ್ಲಿ ಮೊದಲ ಸಲ ಪೂರ್ತಿ ಅರ್ಥವಾದ ಅರಬಿ ಮಾತು ಅದು.

ಅತ್ತರಿನವಳು ಕನಿಕರದಿಂದ ಒಂದು ಹಿಡಿ ಖರ್ಜೂರ ಕೊಟ್ಟಳು. ಮಾಜಿದಾ ಅದನ್ನು ತಿನ್ನದೆ ಶಾಲಿನ ತುದಿಗೆ ಕಟ್ಟಿಕೊಂಡಳು.

ಸಂಜೆ ರಿಫಾ ಪಾತ್ರೆ ತೊಳೆಯುತ್ತಿದ್ದಾಗ ಅವಳು ಪಕ್ಕದಲ್ಲಿ ನಿಂತು ಕೇಳಿದಳು. "ನಿನ್ನ ಉಪ್ಪ ಕೆಳಗಿನವರ ಹತ್ತಿರ ನನ್ನ ಬಗ್ಗೆ ಎಂತ ಹೇಳಿದ್ದಾರೆ?"

"ಐ ಡೋಂಟ್ ನೋ, ಉಮ್ಮಾ."

"ನೀನು ಸ್ಕೂಲಲ್ಲಿ ಅರಬಿ ಕಲ್ತವಳು. ಮುಖ ನೋಡಿ ಹೇಳು."

ರಿಫಾ ನಲ್ಲಿ ನಿಲ್ಲಿಸಿದಳು. "ನಿನಗೆ ಜಿನ್ನ್ ಹಿಡಿದಿದೆ ಅಂತ. ಮದುವೆಗೆ ಮೊದಲೇ ಹಿಡಿದದ್ದಂತೆ. ನೀನು ಕಿರುಚುದು ಅದಕ್ಕೇ ಅಂತ. ಹೊಡೆದರೆ ನೋವಾಗುದು ಅದಕ್ಕೆ, ನಿನಗಲ್ಲ ಅಂತ. ಅವರು ಬಾಟಲಿಯಲ್ಲಿ ತಂದ ನೀರು ಜಿನ್ನ್ ಬಿಡಿಸ್ಲಿಕ್ಕೆ ಕುರ್‌ಆನ್ ಓದಿಸಿ ತಂದದ್ದು."

"ನಿನಗೆ ಯಾವಾಗಿಂದ ಗೊತ್ತು?"

"ಫಿಫ್ತ್ ಸ್ಟ್ಯಾಂಡರ್ಡಿಂದ."

ಮಾಜಿದಾಳ ಕೈ ತಾನಾಗಿ ಎದ್ದಿತು. ಏಟು ಎಷ್ಟು ಜೋರಾಗಿತ್ತೆಂದರೆ ಹುಡುಗಿಯ ಮುಖ ಸಿಂಕಿನ ಅಂಚಿಗೆ ಬಡಿದು ತುಟಿ ಒಡೆಯಿತು. ತೊಳೆದಿಟ್ಟ ತಟ್ಟೆಯ ಮೇಲೆ ರಕ್ತ ತೊಟ್ಟಿಕ್ಕಿತು. ರಿಫಾ ಅಳಲಿಲ್ಲ. ತುಟಿಯನ್ನು ಒಳಗೆ ಎಳೆದುಕೊಂಡು, "ನೀನೂ ಉಪ್ಪನ ಹಾಗೇ ಹೊಡೀತಿ," ಎಂದಳು. ಅದುವರೆಗೆ ಬಿದ್ದ ಏಟುಗಳಲ್ಲೆಲ್ಲ ಮಾಜಿದಾಳಿಗೆ ಹೆಚ್ಚು ನೋವಾದದ್ದು ಇದೇ.

ಅವಳು ಸೆರಗಿನಿಂದ ಮಗಳ ಬಾಯಿ ಒತ್ತಿ ಹಿಡಿದಳು. ಖದೀಜಮ್ಮನತ್ತ ತಿರುಗಿ, "ನಿಮಗೂ ಗೊತ್ತಿತ್ತಾ ಮಾಮಿ?" ಎಂದಳು.

"ಗೊತ್ತಿತ್ತು. ಅವನು ಹಾಗೆ ಹೇಳದಿದ್ದರೆ ಅವರು ಪೊಲೀಸಿಗೆ ಹೇಳ್ತಿದ್ದರು. ಎಲ್ಲರ ವೀಸಾ ಹೋಗ್ತಿತ್ತು. ಮತ್ತೆ ಊರಲ್ಲಿ ಪುನಃ ಬೀಡಿ ಕಟ್ಟುದಾ?"

"ಬೀಡಿ ನನ್ನ ಬೆನ್ನಿಗೆ ಹೊಡೆದದ್ದಿಲ್ಲ," ಎಂದ ಮಾಜಿದಾ ಮಗಳ ಕಡೆ ತಿರುಗಿದಳು.

"ನಾಳೆಯೇ ಹೋಗಿ ಝುವೈನಾರಿಗೆ ಹೇಳ್ತೇನೆ," ಎಂದಳು. "ನೀನು ಬರೆದು ಕೊಡು ರಿಫಾ, ನಾನು ಬಾಯಿಪಾಠ ಮಾಡ್ತೇನೆ."

ರಿಫಾ ತಲೆಯಾಡಿಸಿದಳು. "ಬೇಡ ಉಮ್ಮಾ. ಒಂದು ಶಬ್ದ ಬಾರದವಳು ಒಮ್ಮೆಲೇ ಅರಬಿ ಮಾತಾಡಿದರೆ ಜಿನ್ನೇ ಮಾತಾಡ್ತದೆ ಅಂತಾರೆ. ಯೂಟ್ಯೂಬಲ್ಲೆಲ್ಲ ಹಾಗೇ ತೋರಿಸ್ತಾರೆ. ಆಮೇಲೆ ನೀನು ಎಂತ ಹೇಳಿದರೂ ಯಾರೂ ನಂಬುದಿಲ್ಲ."

ಹದಿನಾಲ್ಕು ವರ್ಷದ ಹುಡುಗಿ ಒಡೆದ ತುಟಿಯಲ್ಲಿ ಹೇಳಿದ ಈ ಮಾತೇ ಮಾಜಿದಾಳನ್ನು ಉಳಿಸಿತು. ಮಗಳಿಂದಲ್ಲ, ಮೊಬೈಲಿನಿಂದಲ್ಲ; ಒಂದೊಂದು ಶಬ್ದವನ್ನೂ ಝುವೈನಾರ ಬಾಯಿಂದಲೇ, ಅವರ ಕಣ್ಣೆದುರೇ ಕಲಿಯಬೇಕು ಎಂದು ಅವಳು ನಿರ್ಧರಿಸಿದಳು.

ಮರುದಿನ ಸೂಜಿ ಎತ್ತಿ ಹಿಡಿದು, ಹುಬ್ಬು ಹಾರಿಸಿ ಕೇಳಿದಳು. ಝುವೈನಾ ಹೆಸರು ಹೇಳಿದರು. ದಾರ, ಕತ್ತರಿ, ಚಾಪೆ, ಕಾಫಿಯ ಹೂಜಿ, ಬಾಗಿಲು, ಮೊಣಕಾಲು. ಅವಳು ಸೂರಾದ ರಾಗದಲ್ಲಿ ಹೇಳಿದರೆ ಮುದುಕಿ ಬಾಯಿಗೆ ಶಾಲಿನ ಅಂಚಿಟ್ಟು ನಗುತ್ತಿದ್ದರು. "ಮಗಳೇ, ಉಪ್ಪು ಕೇಳುವುದಕ್ಕೆ ಶುಕ್ರವಾರದ ಖುತುಬ ಪ್ರವಚನವನ್ನೇ ಮಾಡುತ್ತೀಯಲ್ಲ," ಎಂದು ಅವರು ಅಂದದ್ದು ಅವಳಿಗೆ ಅರ್ಥವಾದದ್ದು ಮೂರು ವಾರದ ನಂತರ, ಎರಡನೆಯ ಸಲ ಅಂದಾಗ. ಇಬ್ಬರೂ ಸೇರಿ ನಕ್ಕರು.

ಈ ಭಾಷೆಯಲ್ಲಿ ನೀವು ಎಂಬುದಿಲ್ಲ, ಎಲ್ಲರೂ ನೀನೇ ಎಂದು ತಿಳಿದ ದಿನ ಅವಳು ಸೂಜಿ ಕೆಳಗಿಟ್ಟು ಆ ಶಬ್ದವನ್ನು ಮತ್ತೆ ಮತ್ತೆ ಹೇಳಿ ನೋಡಿದಳು. ಶಹೀದನಿಗೂ ನೀನು ಎನ್ನಬಹುದು. ಅದು ಬೈಗುಳವೂ ಅಲ್ಲ.

ಯಾವ ಶಬ್ದ ಬೇಕೆಂದು ಮಧ್ಯಾಹ್ನ ಗೊತ್ತಾಗುತ್ತಿತ್ತು, ಮರುದಿನ ಬೆಳಿಗ್ಗೆ ಅದನ್ನು ಕಲಿಯುತ್ತಿದ್ದಳು. ಶಹೀದ್ ಕೂದಲು ಹಿಡಿದು ಗೋಡೆಗೆ ತಲೆ ಬಡಿದ ಮರುದಿನ ಗೋಡೆ ಮುಟ್ಟಿ ಹೆಸರು ಕೇಳಿದಳು. ಹೊಟ್ಟೆಗೆ ಒದ್ದ ಮರುದಿನ ಅಂಗಳದಲ್ಲಿ ಒಂದು ಆಡು ಇನ್ನೊಂದನ್ನು ಒದೆಯುವುದನ್ನು ಕಾದು ತೋರಿಸಿದಳು. ಬೆರಳಿಗೆ ಬೇಕೆಂದೇ ಸೂಜಿ ಚುಚ್ಚಿಕೊಂಡು ರಕ್ತ, ನೋವು ಎರಡನ್ನೂ ಕಲಿತಳು. ಚಾಪೆಯ ಧೂಳು ಬಡಿದು ಹೊಡೆ, ಬಿಸಿ ಹೂಜಿ ಮುಟ್ಟಿ ಸುಡು ಎನ್ನುವುದನ್ನೂ ಕಲಿತಳು. ಸುಳ್ಳು ಎಂಬುದಕ್ಕೆ ಮಾತ್ರ ತುಂಬ ಕಾದಳು. ಕೊನೆಗೊಂದು ಬುಧವಾರ ಜೇನು ಮಾರುವವಳು ಬೆಲ್ಲದ ಪಾಕ ಬೆರೆಸಿ ಸಿಕ್ಕಿಬಿದ್ದಾಗ ಸಂತೆಯ ಹೆಂಗಸರೆಲ್ಲ ಆ ಶಬ್ದವನ್ನು ಕೂಗಿ ಕೂಗಿ ಹೇಳಿದರು. ಮಾಜಿದಾ ತಿಂಗಳ ಸಾಮಾನು ಸಿಕ್ಕವಳ ಹಾಗೆ ಅದನ್ನು ಮನೆಗೆ ತಂದಳು.

ಆದರೆ ಇಬ್ರಾ ದೊಡ್ಡ ಊರಲ್ಲ. ಅತ್ತರಿನ ಹೆಂಗಸು ಶಹೀದನ ಅಂಗಡಿಗೆ ಬಟ್ಟೆ ಹೊಲಿಸಲು ಹೋದವಳು, ನಿನ್ನ ಹೆಂಡತಿ ಈಗ ಚೆನ್ನಾಗಿ ಮಾತಾಡುತ್ತಾಳೆ, ದೇವರು ಗುಣ ಮಾಡುತ್ತಿದ್ದಾನೆ ಎಂದು ಸಂತೋಷದಿಂದಲೇ ಹೇಳಿಬಿಟ್ಟಳು.

ಮಂಗಳವಾರ ಅವನು ಒಂದಕ್ಕೆ ಹತ್ತು ನಿಮಿಷ ಮೊದಲೇ ಮನೆಗೆ ಬಂದ. ಮಾಜಿದಾ ಅಂಗಡಿಯ ಒಂದು ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಪರೀಕ್ಷೆ ಇದ್ದುದರಿಂದ ರಿಫಾ ಅರ್ಧ ದಿನಕ್ಕೇ ಬಂದಿದ್ದಳು.

"ಅರಬಿ ಕಲ್ತೆಯಂತೆ. ಎಂತಕ್ಕೆ?"

"ಸಂತೆಯಲ್ಲಿ ಟೋಪಿ ಮಾರ್ಲಿಕ್ಕೆ."

"ಟೋಪಿ ಮಾರ್ಲಿಕ್ಕೆ ಏಟು, ಒದೆ, ಸುಳ್ಳು ಎಲ್ಲ ಬೇಕಾ? ಎಂತೆಂತ ಕಲ್ತಿದ್ದಿ ಅಂತ ಆ ಹೆಂಗಸು ಲಿಸ್ಟ್ ಹೇಳಿದಳು."

ಅವಳು ಉತ್ತರ ಕೊಡುವ ಮೊದಲೇ ಅವನು ಅವಳ ಬಲಗೈ ತಿರುಚಿ ಟೇಬಲ್ಲಿಗೆ ಒತ್ತಿದ. ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಂಗೈ ಮೇಲೆ ಇಟ್ಟ. ಚರ್ಮ ಸುಡುವ ವಾಸನೆ ಮನೆ ತುಂಬಿತು. ಮಾಜಿದಾ ಕಿರುಚಿದ್ದಕ್ಕೆ ಅವನೂ ಕಿಟಕಿಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಅರಬಿಯಲ್ಲಿ ದೇವರನ್ನು ಕರೆದ, ಕೆಳಗಿನವರಿಗೆ ಕೇಳಿಸಲೆಂದು. ರಿಫಾ ಓಡಿಬಂದು ಅವನ ತೋಳಿಗೆ ಕಚ್ಚಿದಳು. ಅವನು ಮೊಣಕೈಯಿಂದ ಅವಳ ಎದೆಗೆ ಗುದ್ದಿ ಕಪಾಟಿಗೆ ಎಸೆದ. ಖದೀಜಮ್ಮ ಮಂಚದಿಂದ ಇಳಿದು ಬಂದು ಗೋಡೆಯ ಸ್ವಿಚ್ ಆರಿಸಿದರು. ಅವರು ಮಾಡಿದ್ದು ಅಷ್ಟೇ. ಆದರೆ ಮಗನ ಎದುರು ಅವರು ಅಷ್ಟು ಮಾಡಿದ್ದೂ ಅದೇ ಮೊದಲು.

"ಶುಕ್ರವಾರಕ್ಕೆ ಟಿಕೆಟ್ ಆಗಿದೆ," ಎಂದ ಶಹೀದ್, ತೋಳು ಉಜ್ಜಿಕೊಳ್ಳುತ್ತ. "ನಿನಗೊಬ್ಬಳಿಗೇ. ರಿಫಾ ಇಲ್ಲೇ ಇರ್ತಾಳೆ. ಹುಚ್ಚಿಯ ಕೈಗೆ ಮಗಳನ್ನು ಯಾರೂ ಕೊಡುದಿಲ್ಲ. ಊರಲ್ಲೂ ಇಲ್ಲೂ ಸಾಕ್ಷಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾಳೆಯಿಂದ ಹೊಸ್ತಿಲು ದಾಟಿದರೆ ಕಾಲು ಮುರೀತೇನೆ. ಖಲಾಸ್."

ಎಷ್ಟು ಶಬ್ದ ಕಲಿತರೂ ಸಾಲದೇ ಹೋಯಿತೇನೋ ಎಂದು ಮಾಜಿದಾಳಿಗೆ ಭಯವಾದದ್ದು ಆಗ. ಕೈ ಹೋದರೆ ಹೋಗಲಿ, ಮಗಳು ಹೋದರೆ ಬದುಕುವುದು ಯಾತಕ್ಕೆ? ರಿಫಾ ಎದೆ ಹಿಡಿದುಕೊಂಡೇ ಬಂದು ತಾಯಿಯ ಕೈಗೆ ನೀರು ಸುರಿದು, ಹಳೆಯ ಶಾಲು ಹರಿದು ಕಟ್ಟಿದಳು.

ಬುಧವಾರ ಬೆಳಿಗ್ಗೆ ಅವನು ಹೊರಗಿನಿಂದ ಬೀಗ ಹಾಕಿ ಅಂಗಡಿಗೆ ಹೋದ. ಮಗಳನ್ನು ಸ್ಕೂಲಿಗೆ ತಾನೇ ಬಿಟ್ಟ. ಮಾಜಿದಾ ಹಿಂದಿನ ದಿನದ ಪತ್ತಿರ್ ರೊಟ್ಟಿ ಬಿಸಿ ಮಾಡಿ ಅತ್ತೆಯ ಮುಂದೆ ಇಟ್ಟಳು, ಎಡಗೈಯಲ್ಲಿ.

ಖದೀಜಮ್ಮ ತಿನ್ನಲಿಲ್ಲ. ಕಟ್ಟಿದ ಬಟ್ಟೆಯನ್ನೇ ನೋಡುತ್ತಿದ್ದರು. "ಕೆಳಗಿನವಳು ಎಷ್ಟೊತ್ತಿಗೆ ಹೋಗುದು ಸಂತೆಗೆ?"

"ಎಂಟಕ್ಕೆ. ಹೋಗಿಯಾಯ್ತು."

"ನಡೆದರೆ ದೂರವಾ?"

"ಇಪ್ಪತ್ತು ನಿಮಿಷ. ಬೀಗ ಉಂಟಲ್ಲ ಮಾಮಿ."

"ಅಡುಗೆಮನೆ ಹಿಂದಿನ ಬಾಗಿಲಿನ ಕೀ ನನ್ನ ನಮಾಜಿನ ಚಾಪೆಯ ಅಡಿಯಲ್ಲಿರ್ತದೆ. ಬೆಂಕಿ ಗಿಂಕಿ ಹಿಡಿದರೆ ಅಂತ ಇಟ್ಟದ್ದು." ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದರು. "ನಾನು ನಿದ್ದೆ ಮಾಡ್ತಿದ್ದೆ. ನನಗೆ ಎಂತದೂ ಗೊತ್ತಿಲ್ಲ."

ಅವಳು ಗೇಟು ದಾಟುವಾಗ ಗಾಡಿಗಳಲ್ಲಿ ಕೂತ ಗಂಡಸರು ನೋಡಿದರು. ಅವರಲ್ಲಿ ಯಾರೋ ಶಹೀದನಿಗೆ ಫೋನ್ ಮಾಡಿರಬೇಕು; ಅವನ ಅಂಗಡಿ ಹತ್ತಿರದಲ್ಲೇ ಇತ್ತು. ಅವಳು ಝುವೈನಾರ ಚಾಪೆ ತಲುಪಿ ಕುಳಿತು ಕೈಯ ಬಟ್ಟೆ ಬಿಚ್ಚುತ್ತಿದ್ದಳಷ್ಟೇ, ಗೇಟಿನ ಕಡೆ ಹೆಂಗಸರ ಬೊಬ್ಬೆ ಎದ್ದಿತು.

ಆ ಸಂತೆಗೆ ನುಗ್ಗಿದ ಗಂಡಸನ್ನು ಅಲ್ಲಿದ್ದವರು ಯಾರೂ ಅದುವರೆಗೆ ಕಂಡಿರಲಿಲ್ಲ. ಶಹೀದ್ ಬಟ್ಟೆಯ ರಾಶಿ ತುಳಿದು, ಬಳೆಯ ಪೆಟ್ಟಿಗೆ ಒದ್ದು ಬಂದ. ಅವಳ ತಲೆಯ ಶಾಲಿನ ಜೊತೆ ಕೂದಲನ್ನೂ ಸೇರಿಸಿ ಹಿಡಿದು ಎಳೆದ. ಅವಳು ಚಾಪೆಯಿಂದ ಮಣ್ಣಿಗೆ ಬಿದ್ದಳು, ಸುಟ್ಟ ಕೈ ನೆಲಕ್ಕೆ ಉಜ್ಜಿ ಸಿಪ್ಪೆ ಎದ್ದಿತು.

ಮಾಜಿದಾ ಕಿರುಚಲಿಲ್ಲ. ಮಣ್ಣಿನಲ್ಲೇ ಕೂತು ಅರಬಿಯಲ್ಲಿ ಹೇಳಿದಳು. "ನೀನು ನನ್ನನ್ನು ಹೊಡೆಯುತ್ತೀ. ನನ್ನಲ್ಲಿ ಜಿನ್ನ್ ಇಲ್ಲ. ನೀನು ಸುಳ್ಳು ಹೇಳಿದ್ದೀ. ಈ ಕೈ ನೀನು ಸುಟ್ಟದ್ದು."

ಶಹೀದನ ಮುಖ ಒಂದು ಕ್ಷಣ ಬಿಳುಚಿತು. ಆದರೆ ಹದಿನೆಂಟು ವರ್ಷ ಗಿರಾಕಿಗಳನ್ನು ಪಳಗಿಸಿದ ನಾಲಿಗೆ ಅದು, ತಡವರಿಸಲಿಲ್ಲ. ಎರಡೂ ಕೈ ಎತ್ತಿ ಅವನು ಹೆಂಗಸರಿಗೆ ಹೇಳಿದ. "ಕೇಳಿದಿರಾ? ನನ್ನ ಹೆಂಡತಿ ಇಂಡಿಯಾದವಳು. ಅವಳಿಗೆ ಅರಬಿಯ ಒಂದಕ್ಷರ ಬರುವುದಿಲ್ಲ. ಈಗ ಮಾತಾಡುತ್ತಿರುವುದು ಯಾರು, ನೀವೇ ಹೇಳಿ."

ಮುಂದೆ ಬಂದಿದ್ದ, ಅವಳ ಪರಿಚಯವಿಲ್ಲದ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಯಾರೋ ಗಟ್ಟಿಯಾಗಿ ಕುರ್‌ಆನಿನ ಆಯತ್ ಓದತೊಡಗಿದರು. ಮಗಳು ಹೇಳಿದ್ದು ಅಕ್ಷರಶಃ ನಡೆಯುತ್ತಿತ್ತು. ಝುವೈನಾ ಚಾಪೆಯಿಂದ ಎದ್ದು ತನ್ನ ಬೆನ್ನ ಹಿಂದೆ ಬರುವುದು ಮಾಜಿದಾಳಿಗೆ ಕಾಣಿಸಿತು. ಆ ಕೈಗಳ ಬಿಗಿ ಅವಳಿಗೆ ಗೊತ್ತಿತ್ತು. ಅವಳು ಕಣ್ಣು ಮುಚ್ಚಿ ಎರಡೂ ತೋಳುಗಳನ್ನು ಮೈಗೆ ಒತ್ತಿಕೊಂಡಳು.

ಝುವೈನಾ ಅವಳನ್ನು ಮುಟ್ಟಲಿಲ್ಲ. ದಾಟಿಕೊಂಡು ಹೋಗಿ ಶಹೀದನ ಹಿಂದೆ ನಿಂತು, ಅವನ ಎರಡೂ ಮಣಿಕಟ್ಟುಗಳನ್ನು ಹಿಡಿದರು. ಅತ್ತರಿನವಳು ಓಡಿಬಂದು ಒಂದು ತೋಳು ಹಿಡಿದಳು, ಜೇನಿನವಳು ಇನ್ನೊಂದು. ಅವನು ಕೊಸರಬಹುದಿತ್ತು. ಆದರೆ ಹೆಂಗಸರ ಸಂತೆಯಲ್ಲಿ ಕಫೀಲನ ತಾಯಿಯನ್ನು ತಳ್ಳಿದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನು ನಿಂತ.

"ಯಾವ ಜಿನ್ನ್?" ಎಂದರು ಝುವೈನಾ, ಎಲ್ಲರಿಗೂ ಕೇಳುವಂತೆ. "ಹೊಡೆ, ಒದೆ, ಸುಡು. ಒಂದೊಂದನ್ನೂ ನಾನೇ ಹೇಳಿಕೊಟ್ಟೆ. ಸುಳ್ಳು ಎನ್ನುವುದನ್ನು ನೀವೆಲ್ಲ ಸೇರಿ ಹೇಳಿಕೊಟ್ಟಿರಿ. ಅವಳ ಬಾಯಲ್ಲಿ ಇರುವುದು ನನ್ನ ಹಳ್ಳಿಯ ಮಾತು, ನನ್ನ ತಾಯಿಯ ಮಾತು. ಜಿನ್ನ್ ಎಂದರೆ ನಾನೇ."

ಯಾರೋ ಆಗಲೇ ಪೊಲೀಸಿಗೆ ಫೋನ್ ಮಾಡುತ್ತಿದ್ದರು. ಆಯತ್ ಓದುತ್ತಿದ್ದ ದನಿ ನಿಂತಿತು. ಶಹೀದ್ ಅರಬಿಯಲ್ಲಿ ಏನೋ ಹೇಳಲು ಬಾಯಿ ತೆರೆದ.

"ನೀನು ಸುಮ್ಮನಿರು. ನಾಲ್ಕು ವರ್ಷ ನಿನ್ನ ಮಾತೇ ಕೇಳಿದ್ದೇನೆ," ಎಂದು ಝುವೈನಾ ಮಾಜಿದಾಳ ಕಡೆ ನೋಡಿದರು. "ಮಗಳೇ, ಅವರು ಬರುವ ತನಕ ನೀನು ಹೇಳು. ಮೊದಲಿನಿಂದ. ನಿಧಾನವಾಗಿ."

ಮಾಜಿದಾ ಎದ್ದು ನಿಂತಳು. ಗೋಡೆ, ಕೂದಲು, ಹೊಟ್ಟೆ, ಇಸ್ತ್ರಿ, ಶುಕ್ರವಾರದ ಟಿಕೆಟ್, ರಿಫಾಳ ಎದೆ. ಶಬ್ದ ಸಿಗದ ಕಡೆ ಕೈಯಿಂದ ತೋರಿಸಿದಳು, ಹೆಂಗಸರು ಶಬ್ದ ಕೊಟ್ಟರು, ಅವಳು ಅದನ್ನು ಮತ್ತೆ ಹೇಳಿ ಮುಂದೆ ಹೋದಳು. ಮೀನಿನ ತಲೆಯ ದಿನಕ್ಕೆ ಬಂದಾಗ ಅವಳ ನಾಲಿಗೆ ತಡೆಯಿತು. ಎದುರಿಗೆ ಝುವೈನಾ ಅವನ ಕೈಗಳನ್ನು ಹಿಡಿದು ನಿಂತಿದ್ದರು, ಅಂದು ಅವಳ ಕೈಗಳನ್ನು ಹಿಡಿದ ಹಾಗೆಯೇ. ಇದನ್ನು ಬಿಟ್ಟು ಹೇಳಿದರೆ ಉಳಿದದ್ದೂ ಸುಳ್ಳಾದೀತು ಎನ್ನಿಸಿತು ಅವಳಿಗೆ.

"ಆ ದಿನ ಕೋಲು ಮುರಿಯುವ ತನಕ ಇವನು ಹೊಡೆದ," ಎಂದಳು. "ನನ್ನ ಎರಡು ಕೈ ಹಿಡಿದವಳು ನೀನು."

ಝುವೈನಾರ ಗಲ್ಲದ ಮೇಲೆ ಕಣ್ಣೀರು ಇಳಿಯಿತು. ಒರೆಸಿಕೊಳ್ಳಲು ಅವರು ಕೈ ಬಿಡಲಿಲ್ಲ.

"ಹೌದು, ನಾನೇ," ಎಂದರು. "ಅದನ್ನೂ ಪೊಲೀಸರಿಗೆ ಹೇಳು. ಮುಂದೆ?"